ಎರಕದವನ ನೀರು

ನಮ್ಮಪ್ಪ ನೀರಿಗೆ ಅಂಜುವ ಮನುಷ್ಯ. ಬೆಂಕಿಗಲ್ಲ, ನೀರಿಗೆ. ಬೆಳಗಾವಿಯ ಆಟೋ ನಗರದ ಒಂದು ಫೌಂಡ್ರಿಯಲ್ಲಿ ಅವನು ಮೂವತ್ತೊಂದು ವರ್ಷ ಕರಗಿದ ಕಬ್ಬಿಣ ಹೊಯ್ದ. ಆ ಕಬ್ಬಿಣಕ್ಕೂ ನೀರಿಗೂ ಎಂಥ ಹಗೆತನ ಎಂಬುದು ಆ ಕೆಲಸದವರಿಗೇ ಗೊತ್ತು. ಅಚ್ಚಿನ ಮರಳಿನಲ್ಲಿ ಒಂದಿಷ್ಟು ತೇವ ಉಳಿದಿದ್ದರೂ ಸಾಕು, ಮೇಲಿಂದ ಸುರಿದ ಕಬ್ಬಿಣ ಢಮ್ಮೆಂದು ಸಿಡಿದು ಸುರಿದವನ ಮುಖಕ್ಕೇ ಬರುತ್ತದೆ. ಅದಕ್ಕೇ ಅವರ ಕುಡಿಯುವ ನೀರಿನ ಕೊಡ ಗೇಟಿನ ಹೊರಗಿರುತ್ತಿತ್ತು. ಕೈ ತೊಳೆದವನು ಒರೆಸಿ, ಒಣಗಿಸಿ, ಅಂಗೈ ತೋರಿಸಿಯೇ ಒಳಗೆ ಬರಬೇಕು. ಭಟ್ಟಿಯ ಹತ್ತಿರ ಉಗುಳಿದ ಒಬ್ಬನ ಕಪಾಳಕ್ಕೆ ಅಪ್ಪ ಬಾರಿಸಿದ್ದನಂತೆ. ಹೊಡೆಸಿಕೊಂಡವನು ಸಂಜೆ ಬಂದು ಅವನ ಕಾಲು ಮುಟ್ಟಿ ಹೋದನಂತೆ.

ಮನೆಯಲ್ಲೂ ಅದೇ ಕಥೆ. ನಾನು ಕಾದ ಹಂಚಿನ ಮೇಲೆ ನೀರು ಚಿಮುಕಿಸಿದರೆ, ಚುಂಯ್ ಅನ್ನುವ ಸದ್ದಿಗೆ ಕಟ್ಟೆಯ ಮೇಲೆ ಕೂತವನು ಎದ್ದು ನಿಲ್ಲುತ್ತಿದ್ದ. ಇನ್ನು ಮೈಗೆ ಬೆಂಕಿ ತಗುಲಿದರಂತೂ ಅವನ ಕಾಯಿದೆ ಒಂದೇ: ಸುಟ್ಟದ್ದಕ್ಕೆ ನೀರು ತೋರಿಸಬಾರದು, ಡಬ್ಬಿಯ ಮದ್ದು ಹಚ್ಚಬೇಕು.

ಆ ಡಬ್ಬಿ ಬರುತ್ತಿದ್ದುದು ಖಾನಾಪುರದ ಕಡೆಯಿಂದ, ಅಪ್ಪನ ತಾಯಿ ಭರಮವ್ವ ಆಯಿಯ ಕೈಯಿಂದ. ನಾವು ಕುರಿ ಕಾಯುವ ಮಂದಿ. ಕರಿ ಮರಿಯ ಮೊದಲ ಉಣ್ಣೆಯನ್ನು ಅಮಾವಾಸ್ಯೆಯ ದಿನ ಸುಟ್ಟು, ಆ ಬೂದಿಯನ್ನು ಬೆಣ್ಣೆಯಲ್ಲಿ ಕಲಸಿ, ಆಯಿ ಹಳೆಯ ಬಿಸ್ಕೀಟಿನ ಡಬ್ಬಿಗೆ ತುಂಬಿ ಕೊಡುತ್ತಿದ್ದಳು. ಅಪ್ಪನಿಂದ ಅದು ಇಡೀ ಫೌಂಡ್ರಿಗೆ ಹೋಗುತ್ತಿತ್ತು. ಯಾರಿಗೆ ಕಿಡಿ ತಗುಲಿದರೂ "ರಾಯಪ್ಪಣ್ಣ, ಡಬ್ಬಿ" ಅನ್ನುವರು. ಅವನು ದೇವರ ಪ್ರಸಾದ ಹಂಚಿದ ಹಾಗೆ ಒಂದು ಬೆರಳಿನಷ್ಟು ತೆಗೆದು ಹಚ್ಚುವನು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ನಾನು ನರ್ಸು. ಅದೂ ಸುಟ್ಟಗಾಯದ ವಾರ್ಡಿನಲ್ಲಿ. ನನ್ನ ಹೆಸರು ಮಾಯಾ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗಾಯ ತೊಳೆಯುವುದಕ್ಕಿಂತ ಗಾಯದ ಮೇಲೆ ಮಂದಿ ಬಳಿದುಕೊಂಡು ಬಂದದ್ದನ್ನು ತೊಳೆಯುವುದೇ ನನ್ನ ಅರ್ಧ ನೌಕರಿ. ಟೂತ್‌ಪೇಸ್ಟು, ಶಾಯಿ, ಅರಿಶಿನ, ಇಡ್ಲಿ ಹಿಟ್ಟು, ಸೆಗಣಿ. ಒಬ್ಬಾಕೆ ಮೊಸರಿನಲ್ಲಿ ಮೆಂತ್ಯೆ ಅರೆದು ಹಚ್ಚಿಕೊಂಡು ಬಂದಿದ್ದಳು. ಗಾಯವೋ ಪಲ್ಯವೋ ತಿಳಿಯದೆ ನಾನು ಒಂದು ನಿಮಿಷ ಸುಮ್ಮನೆ ನಿಂತೆ. ಅದನ್ನೆಲ್ಲ ಕೆರೆದು ತೆಗೆಯುವಾಗ ಅವರು ಕೂಗುವ ಕೂಗು ಇದೆಯಲ್ಲ, ಅದು ಸುಟ್ಟಾಗಿನ ಕೂಗಿಗಿಂತ ಜೋರು.

ಅಪ್ಪ ಇದ್ದದ್ದು ನಮ್ಮ ಜೊತೆಗೇ, ರಾಮತೀರ್ಥ ನಗರದ ಮನೆಯಲ್ಲಿ. ನನ್ನ ಗಂಡ ಗಜಾನನ ಅಂಚೆ ಕಚೇರಿಯ ನೌಕರ. ಕಾಗದ ವಿಂಗಡಿಸಿದಷ್ಟೇ ಸಮಾಧಾನದಿಂದ ಮಾತಾಡುವ ಮನುಷ್ಯ. ಮೂರು ವರ್ಷದ ಮಗಳಿಗೆ ಸತ್ತ ನನ್ನವ್ವನ ಹೆಸರೇ ಇಟ್ಟಿದ್ದೆವು, ಭೀಮಕ್ಕ. ಕರೆಯುವುದು ಭೀಮಿ. ಅಜ್ಜನ ಕೆಮ್ಮು ಕೇಳಿದರೆ ಸಾಕು, ಉಣ್ಣುತ್ತಿದ್ದ ತಾಟು ಬಿಟ್ಟು ಓಡುವ ಹುಡುಗಿ.

ಊಟಕ್ಕೆ ಕೂತಾಗ ಅಪ್ಪನಿಗೂ ನನಗೂ ಡಬ್ಬಿಯ ವಾದ ನಡೆಯುತ್ತಿತ್ತು. ಮೊದಮೊದಲು ಅದು ಚೇಷ್ಟೆಯೇ.

"ಅಪ್ಪಾ, ಎರಕ ಹೊಯ್ದ ಮ್ಯಾಲ ಕೆಂಪು ಹೋಗಿ ಕರೀ ಆಗತೈತಲ್ಲ, ಆವಾಗ ಬರೀಗೈಲೆ ಮುಟ್ಟತಿಯೇನು?"

"ಹುಚ್ಚಿ. ಒಂದ ದಿನಾ ಬಿಡಬೇಕು. ಮ್ಯಾಲ ಕರೀ ಕಾಣತೈತಿ, ಒಳಗ ಬೇಯಾಕ ಹತ್ತಿರತೈತಿ."

"ತೊಗಲೂ ಹಂಗ ಅಪ್ಪಾ. ಬೆಂಕಿ ಆರಿದ್ರೂ ಒಳಗ ಬೇಯ್ತಿರತೈತಿ. ಇಪ್ಪತ್ತ ಮಿನಿಟ ತಣ್ಣೀರಾಗ ಹಿಡದ್ರ ಒಳಗಿನ ಬಿಸಿ ಹೊರಗ ಬರತೈತಿ. ನೀ ಮ್ಯಾಲ ಬೆಣ್ಣಿ ಬಳದ್ರ ಆ ಬಿಸಿಗೆ ಬಾಗಲಾ ಹಾಕಿದಂಗ."

ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. ಆಮೇಲೆ, "ಕಬ್ಬಿಣ ಬ್ಯಾರೆ, ತೊಗಲ ಬ್ಯಾರೆ" ಎಂದು ತುತ್ತು ಬಾಯಿಗಿಟ್ಟ. ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು ಎಂದು ನಾನು ಗಜಾನನನ ಕಡೆ ನೋಡಿ ಕಣ್ಣು ತಿರುವಿದೆ.

ಈ ವಾದದ ಕೆಳಗೆ ಇನ್ನೊಂದು ಇತ್ತು. ಅದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ನನಗೆ ಹನ್ನೊಂದು ವರ್ಷ ಇದ್ದಾಗ, ಹಿಂಡಲಗಾದ ಬಾಡಿಗೆ ಮನೆಯಲ್ಲಿ, ಪಂಪಿನ ಸ್ಟೋವು ಸಿಡಿದು ಅವ್ವನಿಗೆ ಬೆಂಕಿ ಹತ್ತಿತು. ಅಪ್ಪ ಆಗತಾನೇ ಸೈಕಲ್ ನಿಲ್ಲಿಸಿದ್ದ. ಓಡಿ ಬಂದು ಕಂಬಳಿ ಹೊದಿಸಿ ಅಪ್ಪಿ ಹಿಡಿದು ಬೆಂಕಿ ಆರಿಸಿದ. ಅಷ್ಟರಲ್ಲಿ ಓಣಿಯವರು ಕೊಡಗಳಲ್ಲಿ ನೀರು ಹೊತ್ತು ಬಂದರು. ಅಪ್ಪ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತು, "ನೀರ ಹಾಕಬ್ಯಾಡ್ರೀ! ಯಾರೂ ನೀರ ಹಾಕಬ್ಯಾಡ್ರೀ!" ಎಂದು ಕೂಗಿದ. ಆಮೇಲೆ ಡಬ್ಬಿ ತೆರೆದು ಅವ್ವನ ಮೈಗೆಲ್ಲ ಮದ್ದು ಹಚ್ಚಿದ. ಡಬ್ಬಿ ಖಾಲಿಯಾಗುವ ತನಕ ಹಚ್ಚಿದ. ಅವ್ವ ದವಾಖಾನೆಯಲ್ಲಿ ಮೂರನೆಯ ದಿನ ತೀರಿಕೊಂಡಳು. ಆ ಮೂರು ದಿನವೂ ಅಪ್ಪ ತಲೆಗೆ ಸುತ್ತಿದ ಪಟಗದ ಸೆರಗಿನಿಂದ ಅವಳಿಗೆ ಗಾಳಿ ಹಾಕುತ್ತ ಕೂತಿದ್ದ.

ನಾನು ನರ್ಸ್ ಆದದ್ದು ಆ ಚಾಚಿದ ಕೈಗಳಿಂದಲೇ. ಹಾಗೆಂದು ಅವನಿಗೆ ಯಾವತ್ತೂ ಹೇಳಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿ, ಫೆಬ್ರುವರಿ ತಿಂಗಳು. ಅಪ್ಪನ ಜೊತೆ ಅಚ್ಚು ಕಟ್ಟುವ ಬುಡನಸಾಬ ಮಾಮಾ ನಮ್ಮ ವಾರ್ಡಿಗೆ ಬಂದ. ಬೂಟಿನೊಳಗೆ ಕಬ್ಬಿಣದ ಹನಿ ಬಿದ್ದು ಆರು ದಿನವಾಗಿತ್ತು. ಆರು ದಿನವೂ ಡಬ್ಬಿಯ ಮದ್ದು. ಪಾದದ ಮೇಲೆ ಬೂದಿ, ಬೆಣ್ಣೆ, ಕೀವು ಒಂದಾಗಿ ಹೆಪ್ಪುಗಟ್ಟಿತ್ತು. ತೊಳೆಯಲು ಒಂದು ತಾಸು ಬೇಕಾಯಿತು. ಬಾಯಲ್ಲಿ ಟವೆಲ್ಲು ಕಚ್ಚಿಕೊಂಡು ಮಲಗಿದ್ದ ಬುಡನಸಾಬ ಮಾಮಾ ಕೊನೆಗೆ ಅದನ್ನು ತೆಗೆದು ಹೇಳಿದ್ದು ಇಷ್ಟು:

"ಬೇಟಿ, ನಿಮ್ಮಪ್ಪಗ ಏನೂ ಅನಬ್ಯಾಡ. ಅಂವ ಭಾಳ ಪ್ರೀತಿಲೆ ಹಚ್ಚ್ಯಾನ."

ಪ್ರೀತಿಯಿಂದ ಹಚ್ಚಿದ್ದು ಎಂಬ ಮಾತಿಗೇ ನನ್ನ ಪಿತ್ತ ನೆತ್ತಿಗೇರಿತು. ಪ್ರೀತಿಯಿಂದ ಹಚ್ಚಿದ ಬೂದಿಯನ್ನು ಕೆರೆದು ತೆಗೆಯುವವರು ಯಾರು? ಸಿಟ್ಟು ಹೊತ್ತುಕೊಂಡೇ ಮನೆಗೆ ಬಂದೆ. ಬಂದರೆ ಬಾಗಿಲಲ್ಲೇ ಭೀಮಿ ಎಡಗೈ ಬೆರಳು ಎತ್ತಿ ಹಿಡಿದು ನಿಂತಿದ್ದಳು. ಬೆರಳ ತುದಿ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದಳಂತೆ. "ಅಜ್ಜ ಡಬ್ಬಿ ಹಚ್ಚ್ಯಾನ" ಅಂದಳು ಹೆಮ್ಮೆಯಿಂದ.

ನಾನು ಅವಳ ಬೆರಳು ನಲ್ಲಿಯ ಕೆಳಗೆ ಹಿಡಿದೆ. ಒಂದು ಕಡಲೆಯಷ್ಟೂ ಗಾಯ ಇರಲಿಲ್ಲ. ಆದರೂ ಒಳಗೆ ಹೋಗಿ, ಗೂಡಿನಲ್ಲಿದ್ದ ಡಬ್ಬಿ ತೆಗೆದು, ಅಪ್ಪನ ಕಣ್ಣೆದುರಿಗೇ ಗಟಾರಕ್ಕೆ ಎಸೆದೆ.

"ಮಾಯಾ, ಅದು ನಮ್ಮವ್ವ ಮಾಡಿದ್ದು" ಅಂದ ಅಪ್ಪ.

"ಗೊತ್ತೈತಿ. ನಮ್ಮವ್ವ ಸತ್ತಿದ್ದೂ ಅದರಿಂದಾನ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹದಿನೈದು ವರ್ಷ ಬಾಯೊಳಗಿದ್ದ ಮಾತು ಒಂದು ಉಸಿರಿನಲ್ಲಿ ಹೊರಬಿತ್ತು. ಅಪ್ಪ ಸಿಟ್ಟಾಗಿದ್ದರೆ ನಾನೂ ಎರಡು ಮಾತು ಹೆಚ್ಚಿಗೆ ಆಡಿ ಹಗುರಾಗುತ್ತಿದ್ದೆನೇನೋ. ಅವನು ತನ್ನ ಎರಡೂ ಅಂಗೈ ನೋಡಿಕೊಂಡ. ಫೌಂಡ್ರಿಯ ಗೇಟಿನಲ್ಲಿ ಒಣಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹಾಗೆ. ಮರುದಿನ ಬೆಳಿಗ್ಗೆ ಫೌಂಡ್ರಿಗೆ ರಜೆ ಹೇಳಿ ಕಳಿಸಿ, ಚೀಲ ಹಿಡಿದು ಖಾನಾಪುರದ ಬಸ್ಸು ಹತ್ತಿದ.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಭೀಮಿ ದಿನಾ ಸಂಜೆ ಕಟ್ಟೆಯ ಮೇಲೆ ಕೂತು, ಓಣಿಯಲ್ಲಿ ಯಾರು ಕೆಮ್ಮಿದರೂ ಎದ್ದು ನೋಡುವಳು. ನಾನು ಬಿಗುವಾಗಿಯೇ ಇದ್ದೆ. ಸುಳ್ಳೇನು ಹೇಳಿದೆ ನಾನು, ಎಂದು ಪಾತ್ರೆ ತಿಕ್ಕುವಾಗ ಪಾತ್ರೆಗಳಿಗೆ ಹೇಳುತ್ತಿದ್ದೆ. ಮೂರನೆಯ ವಾರ ಗಜಾನನ ಒಂದು ರಾತ್ರಿ ತಾಟು ಸರಿಸಿ ಹೇಳಿದ:

"ನೀ ಹೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಆದ್ರ ಅವರಿಗೆ ಅದನ್ನ ಹೊತ್ತಕೊಂಡ ಅಡ್ಡಾಡೂ ವಯಸ್ಸಲ್ಲ ಈಗ. ಹೋಗಿ ಕರಕೊಂಡ ಬಾ."

ನಾನು ಅವತ್ತು ನಿದ್ದೆ ಮಾಡಲಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು, ಅಷ್ಟೇ ಬೇಕಿತ್ತು ನನಗೆ. ಹೇಗೆ ಎಂಬುದೂ ಗೊತ್ತಿತ್ತು. ಬಾಯಿ ಬರಬೇಕಿತ್ತು.

ಆ ರವಿವಾರ ಭೀಮಿಯನ್ನು ಕಟ್ಟಿಕೊಂಡು ಹೊರಟೆ. ಖಾನಾಪುರದಲ್ಲಿ ಬಸ್ಸು ಇಳಿದು, ಹಾಲಿನ ಟೆಂಪೋ ಹಿಡಿದು ಹಳ್ಳಿ ಮುಟ್ಟುವಾಗ ಬಿಸಿಲು ಏರಿತ್ತು. ಚಿಕ್ಕಪ್ಪ ಬೀರೇಶನ ಮನೆ ಊರ ತುದಿಗೆ. ಅವನು ಅರಣ್ಯ ಇಲಾಖೆಯಲ್ಲಿ ವಾಚರು. ಜೊತೆಗೆ ಮೂವತ್ತು ಕುರಿ, ಎರಡು ಎಮ್ಮೆ. ಆಯಿ ಒಲೆಯ ಮುಂದೆ ಕೂತು ಹಾಲು ಕಾಯಿಸುತ್ತಿದ್ದಳು. ಎಂಬತ್ತು ದಾಟಿದ ಮುದುಕಿ. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

"ಬಾ ಡಾಕ್ಟರ ಬಾಯಿ" ಅಂದಳು ನನ್ನ ದನಿ ಕೇಳಿ. "ನನ್ನ ಮದ್ದ ಗಟಾರಕ್ಕ ಒಗದಿಯಂತ. ಗಟಾರದ ಉರಿ ಕಡಿಮಿ ಆತೇನು?"

"ಆಯೀ, ಅಪ್ಪ ಎಲ್ಲೆದಾನ?"

"ಕುರಿ ಹಿಂದ ಹೋಗ್ಯಾನ. ಬಂದ ದಿನದಿಂದ ಅದ ಕೆಲಸ. ಡಬ್ಬಿದೊಂದ ಹೇಳಿದ, ಆಮ್ಯಾಲ ಮನಷ್ಯಾರ ಕೂಡ ಮಾತಿಲ್ಲ. ಏನಂದಿ ಅವಗ?"

ನಾನು ಭೀಮಿಯನ್ನು ಕೆಳಗಿಳಿಸಿದೆ. ಆಯಿ ಕುದಿದ ಹಾಲಿನ ಬೋಗುಣಿ ಇಳಿಸಿ ಒಲೆಯ ಬಾಜೂ ನೆಲದ ಮೇಲೆ ಇಟ್ಟು, ಚಹಾಕ್ಕೆ ಬೆಲ್ಲ ಹುಡುಕಲು ತಡಕಾಡಿದಳು. ನಾನು ಬೆಲ್ಲದ ಡಬ್ಬಿ ತೆಗೆದುಕೊಡಲು ಎದ್ದೆ. ಭೀಮಿ ಆ ಮೂಲೆಯಲ್ಲಿ ಕಟ್ಟಿದ್ದ ಕುರಿಮರಿಯ ಕಿವಿ ಹಿಡಿದು ಅದಕ್ಕೆ ಏನೋ ಪಾಠ ಹೇಳುತ್ತಿದ್ದಳು.

ಅಂಗಳದಲ್ಲಿ ಅಪ್ಪ ಕೆಮ್ಮಿದ.

"ಅಜ್ಜಾ!" ಎಂದು ಭೀಮಿ ಓಡಿದಳು. ಒಳಮನೆ ಕತ್ತಲು, ಅವಳ ಕಣ್ಣು ಬಾಗಿಲ ಬೆಳಕಿನ ಮೇಲೆ. ಬೋಗುಣಿಗೆ ಕಾಲು ತಾಗಿ ಮುಗ್ಗರಿಸಿದಳು. ಬಲಗೈ ಮೊಣಕೈಯವರೆಗೂ ಹಾಲಿನಲ್ಲಿ ಹೋಯಿತು.

ಆ ಕೂಗನ್ನು ನಾನು ಬರೆಯಲಾರೆ. ದಿನಾ ಕೇಳುವ ಕೂಗೇ ಅದು, ಆದರೆ ಇದು ನನ್ನ ಹೊಟ್ಟೆಯಿಂದ ಬಂದ ಕೂಗು.

ಈಗ ಹೇಳುವುದನ್ನು ಕೇಳಿ. ಐದು ವರ್ಷದಿಂದ ದಿನಕ್ಕೆ ಹತ್ತು ಮಂದಿಗೆ "ಮೊದಲ ನೀರ, ಮೊದಲ ನೀರ" ಎಂದು ಗಂಟಲು ಹರಿದುಕೊಂಡವಳು ನಾನು. ಟೂತ್‌ಪೇಸ್ಟ್ ಹಚ್ಚಿದ ತಾಯಂದಿರಿಗೆ "ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ಬೈದವಳು. ಆ ಹೊತ್ತು ನಾನು ಮಾಡಿದ್ದೇನು? ಗೂಡಿಗೆ ಓಡಿದೆ. ಆಯಿಯ ಗೂಡು ಎಲ್ಲಿದೆ ಎಂದು ನನ್ನ ಕಾಲಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಡಬ್ಬಿ ಇಳಿಸಿದೆ, ಮುಚ್ಚಳ ಕಿತ್ತೆ, ನಾಲ್ಕೂ ಬೆರಳು ಬೂದಿಬೆಣ್ಣೆಯಲ್ಲಿ ಅದ್ದಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಂಜಿಕೆ ಬಂದಾಗ ಮನುಷ್ಯ ಓದಿದ್ದರ ಕಡೆಗೆ ಓಡುವುದಿಲ್ಲ, ತಾನು ಹುಟ್ಟಿ ಬೆಳೆದದ್ದರ ಕಡೆಗೆ ಓಡುತ್ತಾನೆ. ಇದು ನನಗೆ ಅವತ್ತು ಗೊತ್ತಾಯಿತು.

ಡಬ್ಬಿ ಹಿಡಿದು ತಿರುಗಿದೆ. ಅಪ್ಪ ಆಗಲೇ ಒಳಗೆ ಬಂದು ಭೀಮಿಯನ್ನು ಎತ್ತಿಕೊಂಡಿದ್ದ. ಮೂಲೆಯಲ್ಲಿ ಆಯಿಯ ಕುಡಿಯುವ ನೀರಿನ ಮಣ್ಣಿನ ಹರವಿ ಇತ್ತು. ತೊಳೆಯದ ಕೈ ಅದರೊಳಗೆ ಹೋದರೆ ಆಯಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಅಪ್ಪ ಅದರ ಮುಂದೆ ಮೊಣಕಾಲೂರಿ ಕೂತ. ಮಗುವಿನ ಕೈ ಹಿಡಿದ.

ನೀರಿಗೆ ಅದ್ದುವ ಆ ಕ್ಷಣ ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಆಚೆ ತಿರುಗಿಸಿ, ಭೀಮಿಯ ತಲೆಯನ್ನು ತನ್ನ ಎದೆಗೆ ಒತ್ತಿ ಮುಚ್ಚಿಕೊಂಡ. ಸಿಡಿಯುತ್ತದೆ ಎಂದು ಅವನ ಮೈ ಕಾಯುತ್ತಿತ್ತು. ಮೂವತ್ತೊಂದು ವರ್ಷದ ಮೈ. ಆದರೂ ಅದ್ದಿದ.

ಸಿಡಿಯಲಿಲ್ಲ. ನೀರು ತುಳುಕಿ ಅವನ ಪಂಚೆ ತೋಯಿತು, ಅಷ್ಟೇ.

"ಅಗ ಬಾಯೀ! ನೀರಾಗ ಅದ್ದತಿಯೇನೋ! ಬೊಬ್ಬಿ ಏಳತಾವೋ ರಾಯಾ!" ಎಂದು ಆಯಿ ಎದೆ ಬಡಿದುಕೊಂಡಳು. "ಮದ್ದ ಹಚ್ಚೋ, ಅಲ್ಲೇ ಐತಿ!"

"ಯವ್ವಾ, ಸುಮ್ನಿರು" ಅಂದ ಅಪ್ಪ. ತಾಯಿಗೆ ಅವನು ಎದುರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದ. ನನ್ನ ಕೈಯಲ್ಲಿನ ಡಬ್ಬಿ ನೋಡಿದ. ಕಪ್ಪಾದ ಬೆರಳು ನೋಡಿದ.

"ಇಪ್ಪತ್ತ ಮಿನಿಟ ಅಲ್ಲೇನು, ಮಾಯಾ?" ಎಂದು ಕೇಳಿದ. "ಇಪ್ಪತ್ತನ ಅಂದಿದ್ದಿಯಲ್ಲ ನೀ?"

ತಲೆ ಆಡಿಸಿದೆ.

"ನನ್ನ ಗಡಿಯಾರ ನೋಡಕೋ. ಮತ್ತ ಈ ನೀರ ಬೆಚ್ಚಗಾಗತೈತಿ, ಬ್ಯಾರೆ ತಣ್ಣೀರ ತಾ. ಒಳಗ ಬೇಯಾಕ ಹತ್ತೇತಿ ಕೂಸಿಗೆ. ಲಗೂ!"

ಆಗ ನನಗೆ ಬುದ್ಧಿ ಬಂತು. ಡಬ್ಬಿ ಕೈಬಿಟ್ಟೆ. ಓಡಿದೆ. ಹಿತ್ತಲಿನ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿದೆ. ನಾನು ತಂದು ಸುರಿಯುವುದು, ಅಪ್ಪ ಮಗುವಿನ ಕೈ ಹಿಡಿಯುವುದು. ಭೀಮಿ ಮೊದಲು ಕಿರುಚಿದಳು, ಆಮೇಲೆ ಬಿಕ್ಕಿದಳು, ಆಮೇಲೆ, "ಅಜ್ಜಾ, ನೀ ಎಲ್ಲಿ ಹೋಗಿದ್ದಿ?" ಅಂದಳು. ಅಪ್ಪ, "ಇಲ್ಲೇ ಇದ್ದೆ ಯವ್ವಾ, ಕುರಿ ಕಾಯಾಕ ಹೋಗಿದ್ದೆ" ಅಂದ. "ಎಷ್ಟ ಕುರಿ?" ಅಂದಳು. ಅವನು ಒಂದೊಂದೇ ಕುರಿಯ ಹೆಸರು ಹೇಳತೊಡಗಿದ. ಮೂವತ್ತು ಕುರಿಗೂ ಹೆಸರು ಇತ್ತೋ, ಅಲ್ಲೇ ಇಟ್ಟನೋ ಗೊತ್ತಿಲ್ಲ. ಇಪ್ಪತ್ತು ಮಿನಿಟು ಮುಗಿಯುವ ತನಕ ಹೆಸರು ಮುಗಿಯಲಿಲ್ಲ.

ಆಯಿ ಅಷ್ಟೊತ್ತು ಒಲೆಯ ಮುಂದೆ ಗೊಣಗುತ್ತ ಕೂತಿದ್ದಳು. ಗಾಯಕ್ಕೆ ಸುತ್ತಲು ನಾನು ಒಗೆದ ಬಟ್ಟೆ ಕೇಳಿದಾಗ ಎದ್ದು ಹೋಗಿ, ಟ್ರಂಕು ತೆರೆದು, ತಡವಿ ತಡವಿ ತನ್ನ ಮಡಿ ಸೀರೆಯೊಂದನ್ನು ತಂದು ಅದರ ಸೆರಗು ತಾನೇ ಹರಿದುಕೊಟ್ಟಳು.

ಖಾನಾಪುರದ ದವಾಖಾನೆಗೆ ಬೀರೇಶ ಚಿಕ್ಕಪ್ಪ ಅದೇ ಹಾಲಿನ ಟೆಂಪೋ ಮಾಡಿಸಿ ಕಳಿಸಿದ. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರ್ ಹುಡುಗಿ ಬಟ್ಟೆ ಬಿಚ್ಚಿ ನೋಡಿದಳು. ಮೊಣಕೈಯ ಕೆಳಗೆ ಕೆಂಪು, ಮಣಿಕಟ್ಟಿನ ಹತ್ತಿರ ಎರಡು ಬೊಬ್ಬೆ, ಬೆರಳುಗಳಲ್ಲೂ ಬರೀ ಕೆಂಪು. ಎರಡು ವಾರದಲ್ಲಿ ವಾಸಿಯಾಗುತ್ತದೆ, ಕಲೆ ಉಳಿದರೂ ಸಣ್ಣದು, ಅಂದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಭಾಳ ಚಲೋ ಮಾಡೀರಿ. ಕೂಡಲೇ ನೀರು ಹಾಕಿದವ್ರು ಯಾರ್ರೀ?"

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿದ: "ನನ್ನ ಮಗಳ್ರೀ. ಬೆಳಗಾವ್ಯಾಗ ನರ್ಸ ಅದಾಳ."

ನನ್ನ ಬೆರಳುಗಳಲ್ಲಿ ಇನ್ನೂ ಆ ಬೂದಿಯ ಕಪ್ಪಿತ್ತು. ಕೈ ಸೆರಗಿನೊಳಗೆ ಅಡಗಿಸಿಕೊಂಡೆ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಬೇವಿನ ಮರದ ಕೆಳಗೆ ಕಲ್ಲಿನ ಬೆಂಚು. ಬೆಳಗಾವಿ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಅಪ್ಪ ಭೀಮಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತ. ಅವಳು ಬಾಯಿ ತೆರೆದು ಮಲಗಿದ್ದಳು. ಬಿಳಿ ಪಟ್ಟಿಯ ಕೈ ಅವನ ಎದೆಯ ಮೇಲಿತ್ತು.

"ಎದಕ್ಕ ಸುಳ್ಳ ಹೇಳ್ದಿ ಅಪ್ಪಾ?"

"ಸುಳ್ಳೇನ ಅದರಾಗ? ಹೇಳಿದಾಕಿ ನೀ, ನಾ ಮಾಡೀನಿ. ಭಟ್ಟ್ಯಾಗ ಹೇಳಾಂವ ಒಬ್ಬ, ಹೊಯ್ಯಾಂವ ಒಬ್ಬ. ಎರಕ ಚಲೋ ಬಂದ್ರ ಹೇಳಿದಾಂವಗ ಹೆಸರ."

"ಕೆಟ್ರ?"

"ಕೆಟ್ರ ಹೊಯ್ದಾಂವಂದು."

ರಸ್ತೆಯಲ್ಲಿ ಒಂದು ಕಟ್ಟಿಗೆಯ ಲಾರಿ ಹೋಯಿತು. ಅಪ್ಪ ಮಗುವಿನ ಹಣೆಯ ಮೇಲಿನ ಕೂದಲು ಸರಿಸುತ್ತ, ನನ್ನ ಕಡೆ ನೋಡದೆ ಹೇಳಿದ:

"ನಿಮ್ಮವ್ವಂದು ಕೆಡಸಿದಾಂವ ನಾನ. ಮಂದಿ ನೀರ ತಂದಿದ್ರು."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಅವನ ಮುಂದೆ ನೆಲದ ಮೇಲೆ ಕೂತೆ, ಅವನ ಮುಖ ಕಾಣಲಿ ಎಂದು.

"ಅಪ್ಪಾ, ಇಲ್ಲಿ ಕೇಳು. ಅವ್ವನ ದವಾಖಾನಿ ಕಾಗದ ಟ್ರಂಕಿನ್ಯಾಗಿತ್ತು. ನರ್ಸಿಂಗ್ ಎರಡನೇ ವರ್ಷದಾಗ ಓದೀನಿ ನಾನು. ಮೈ ನೂರಕ್ಕ ಎಂಬತ್ತ ಪಾಲ ಸುಟ್ಟಿತ್ತು. ಅಷ್ಟ ಸುಟ್ಟವರನ್ನ ಇಷ್ಟ ವರ್ಷದಾಗ ಒಬ್ಬರನ್ನೂ ನಾವು ಮನಿಗೆ ಕಳಿಸಿಲ್ಲ. ನೀರ ಹಾಕಿದ್ರೂ ಆಕಿ ಉಳೀತಿದ್ದಿಲ್ಲ. ಡಬ್ಬಿ ಹಚ್ಚಿದ್ದಕ್ಕ ಸಾಯಲಿಲ್ಲ ಆಕಿ."

ಅಪ್ಪನ ಕೈ ನಿಂತಿತು. "ಎರಡನೇ ವರ್ಷದಾಗ?"

"ಹೂಂ."

"ಮತ್ತ ಅವತ್ತ ಹಂಗ್ಯಾಕ ಅಂದಿ?"

"ಸಿಟ್ಟಿತ್ತು."

"ನನ್ನ ಮ್ಯಾಲ?"

"ಇಲ್ಲಪ್ಪಾ. ಅವ್ವ ಇಲ್ಲಲ್ಲ, ಅದರ ಮ್ಯಾಲ. ನೀ ಒಬ್ಬಾಂವ ಎದುರಿಗೆ ಇದ್ದಿ." "ತಪ್ಪಾತು ಅಪ್ಪಾ. ಗೊತ್ತಿದ್ದೂ ಅಂದೆ. ಭಾಳ ತಪ್ಪಾತು."

ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಗಡಸು ಅಂಗೈ, ಬೊಕ್ಕೆ ಬೊಕ್ಕೆ ಸುಟ್ಟ ಕಲೆ. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಮೆಲ್ಲಗೆ ಕೇಳಿದ:

"ಉಳೀತಿದ್ದಿಲ್ಲ, ಆತು. ನೀರ ಹಾಕಿದ್ರ ಆಕಿಗೆ ಉರಿ ಒಂದಿಷ್ಟು ಕಡಿಮಿ ಆಗತಿತ್ತೇನು?"

ಇದನ್ನು ಕೇಳುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಇಲ್ಲ ಅನ್ನಬಹುದಿತ್ತು. ನರ್ಸ್ ಹೇಳಿದರೆ ನಂಬುತ್ತಿದ್ದ. ನೀರಿನಿಂದ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಆದರೂ ಕೈ ಅದ್ದಿದ ಮನುಷ್ಯನಿಗೆ ಸುಳ್ಳು ಹೇಳಲು ನನಗಾಗಲಿಲ್ಲ.

"ಒಂದಿಷ್ಟು ಆಗತಿತ್ತಪ್ಪಾ."

ಅಪ್ಪ ತಲೆ ಆಡಿಸಿದ. ಲೆಕ್ಕ ಸರಿ ಇದೆ ಎಂಬಂತೆ ಎರಡು ಸಲ ಆಡಿಸಿದ. ಮಡಿಲಲ್ಲಿದ್ದ ಭೀಮಿಯ ಮುಖ ನೋಡಿದ.

"ಇಕಿಗೆ ಆತೇನು?"

"ಇಕಿಗೆ ಆತು. ಅದಕ್ಕ ನಿದ್ದಿ ಹತ್ತೇತಿ."

ಅಪ್ಪ ಅಳತೊಡಗಿದ. ಅವ್ವ ಸತ್ತಾಗಲೂ ನಾನು ಅವನ ಕಣ್ಣೀರು ನೋಡಿರಲಿಲ್ಲ. ಅವನ ಮೊಣಕಾಲಿಗೆ ತಲೆಯಿಟ್ಟು ನಾನೂ ಅತ್ತೆ. ಭೀಮಿ ಎಚ್ಚರಾದಾಳು ಎಂದು ಇಬ್ಬರೂ ಸದ್ದು ಮಾಡಲಿಲ್ಲ.